ಟ್ಯಾಂಕರಿನ ಬೆನ್ನ ಮೇಲಿನ ‘ಇನ್‌ಫ್ಲೇಮೆಬಲ್’

ಪೆಟ್ರೋಲ್ ಟ್ಯಾಂಕರುಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮೆಬಲ್’ ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ನಾವೆಲ್ಲರೂ ನೋಡಿರುತ್ತೇವೆ. ಬಲುಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದು ಎಂಬುದು ಅದರ ಅರ್ಥ. ಆದರೆ ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು, ‘ಇನ್‌ವಿಸಿಬಲ್’ ಎಂದರೆ ಕಾಣದಿರುವುದು ಎಂದು ಶಾಲೆಯಲ್ಲಿ ಕಲಿತವರು ಇದನ್ನು ‘ಬೆಂಕಿ ಹೊತ್ತಿಕೊಳ್ಳದ್ದು’ ಎಂದು ಓದಿಕೊಂಡರೆ ತಪ್ಪು ಅವರದಲ್ಲ, ಬರೆದವರದು ಎಂಬುದು ನನ್ನ ಅಭಿಪ್ರಾಯ.

ಲ್ಯಾಟಿನ್ನಿನಲ್ಲಿ ‘ಇನ್’ ಎಂಬ ಒಂದೇ ರೂಪದ ಎರಡು ಪೂರ್ವಪ್ರತ್ಯಯಗಳಿವೆ. ಮೊದಲನೆಯದು ನಿಷೇಧಾರ್ಥದ್ದು, ಇಂಗ್ಲಿಷಿನ ‘ಅನ್’ ಮಾತ್ರವಲ್ಲ, ಅಶಾಂತಿ, ಅನಾದರ ಮುಂತಾದ ಪದಗಳ ಮೂಲಕ ನಮಗೆ ಪರಿಚಿತವಾಗಿರುವ ಸಂಸ್ಕೃತದ ‘ಅ’, ‘ಅನ್’ಗಳೂ ಅದರ ದಾಯಾದಿಗಳೇ. ಎರಡನೆಯದಕ್ಕೆ ‘ಒಳಗೆ’ ಎಂಬ ಅರ್ಥವಿದ್ದು, ಕೆಲವೊಮ್ಮೆ ಅದು ಕ್ರಿಯೆಗೆ ಒತ್ತು ಕೊಡುತ್ತದೆ. ಜ್ವಾಲೆ ಎಂಬ ಅರ್ಥದ ‘ಫ್ಲಾಮ’ದ ಜೊತೆ ಈ ಎರಡನೆಯದು ಸೇರಿ ‘ಇನ್‌ಫ್ಲಾಮಾರೆ’, ಅಂದರೆ ಬೆಂಕಿ ಹೊತ್ತಿಸು ಎಂಬ ಕ್ರಿಯಾಪದವಾಯಿತು. ವೈದ್ಯರು ಹೇಳುವ ‘ಇನ್‌ಫ್ಲಮೇಶನ್’ ಕೂಡ ಇದೇ ಬೇರಿನದು. ಅದಕ್ಕೆ ಕನ್ನಡದಲ್ಲಿ ‘ಉರಿಯೂತ’ ಎಂದು ಹೆಸರಿಟ್ಟವರು ಉರಿಯನ್ನೂ ಊತವನ್ನೂ ಒಂದೇ ಪದದಲ್ಲಿ ಹಿಡಿದ ಜಾಣ್ಮೆ ಮೆಚ್ಚತಕ್ಕದ್ದು.

‘ಇನ್’ ಇಲ್ಲದ, ಆದರೆ ಅದೇ ಅರ್ಥದ ‘ಫ್ಲೇಮೆಬಲ್’ 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತಾದರೂ ಬಹುಕಾಲ ಮೂಲೆಗುಂಪಾಗಿಯೇ ಇತ್ತು. ಅದನ್ನು ಮುನ್ನೆಲೆಗೆ ತಂದವರು ವ್ಯಾಕರಣಕಾರರಲ್ಲ. ಜನ ಅಪಾರ್ಥ ಮಾಡಿಕೊಂಡಾರೆಂಬ ಆತಂಕದಿಂದ 1920ರ ದಶಕದಲ್ಲಿ ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯವರು ಆ ಪದವನ್ನೇ ಬಳಸಿರೆಂದು ಒತ್ತಾಯಿಸಿದರು. ಬ್ರಿಟನ್ನಿನ ಮಾನಕ ಸಂಸ್ಥೆ 1959ರಲ್ಲಿ ಅದೇ ನಿಲುವು ತಳೆಯಿತು. ಆತಂಕ ಅತಿಯಾದದ್ದೇನಲ್ಲ. ಬೆಂಕಿ ವಿಮಾ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಭಾಷಾಚಿಂತಕ ಬೆಂಜಮಿನ್ ಲೀ ವೋರ್ಫ್, ‘ಖಾಲಿ’ ಎಂದು ಕರೆದ ಪೆಟ್ರೋಲ್ ಡ್ರಮ್ಮುಗಳ ಬಳಿ ಜನ ಎಚ್ಚರ ತಪ್ಪುವುದನ್ನು ಗುರುತಿಸಿದ್ದರು. ದ್ರವ ಖಾಲಿಯಾದರೂ ಒಳಗೆ ಉಳಿಯುವ ಆವಿಯಿಂದಾಗಿ ಅಂಥ ಡ್ರಮ್ಮು ಪೆಟ್ರೋಲ್ ತುಂಬಿದ ಡ್ರಮ್ಮಿಗಿಂತ ಹೆಚ್ಚು ಅಪಾಯಕಾರಿ.

ನಮ್ಮಲ್ಲಿ 1934ರ ಪೆಟ್ರೋಲಿಯಂ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಇನ್‌ಫ್ಲೇಮೆಬಲ್’ ಇದೆ; 1952ರ ಇನ್ನೊಂದು ಕಾಯ್ದೆಯ ಹೆಸರಿನಲ್ಲೇ ಅದು ಕುಳಿತಿದೆ. ಕಾನೂನಿನ ಪುಟದಲ್ಲಿ ಅದು ಹಾಗೆಯೇ ಇರಲಿ, ವಕೀಲರಿಗೆ ಅರ್ಥವಾಗುತ್ತದೆ. ಆದರೆ ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ನೆಲದುದ್ದಕ್ಕೂ ಹರಿಯುತ್ತದೆ. ಅಂಥ ಸರಕು ಹೊತ್ತು ನಮ್ಮ ಹೆದ್ದಾರಿಗಳಲ್ಲಿ ಓಡುವ ಟ್ಯಾಂಕರಿನ ಮೇಲೆ ‘ದಹನಶೀಲ’ ಎಂಬ ಪುಸ್ತಕದ ಪದವೂ ಬೇಡ. ‘ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ಹತ್ತಿರದಲ್ಲಿ ಬೀಡಿ ಸಿಗರೇಟು ಸೇದಬೇಡಿ’ ಎಂದು ಕನ್ನಡದಲ್ಲಿ, ಇಂಗ್ಲಿಷಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಸುವುದನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಬೇಕು.