ಸುಂಕದವನ ಮುಂದೆ ಎಂಬತ್ತು ಶೂ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಗಾದೆ. ಗಡಿಯಲ್ಲಿ ಹಿತ್ತಲಿಗೆ ಹೋಗುವಷ್ಟು ಸಂಕೋಚ ಯಾರಿಗೂ ಇಲ್ಲ. ದಟ್ಟಿಯನ್ನು ಎಲ್ಲರೆದುರೇ ಬಿಚ್ಚಿಸುತ್ತಾರೆ, ಮೊಳ ಹಾಕುತ್ತಾರೆ, ತೂಗುತ್ತಾರೆ, ಬೆಲೆ ಕಟ್ಟುತ್ತಾರೆ, ಕೊನೆಗೆ ‘ಇದು ಹಳೆಯದು ಅನ್ನೋದಕ್ಕೆ ಏನು ಆಧಾರ?’ ಎಂದು ಕೇಳುತ್ತಾರೆ. ಕೇಳುವವರದು ತಪ್ಪಲ್ಲ, ಅವರ ಸಂಬಳವೇ ಅದಕ್ಕೆ. ಕಣ್ತುಂಬ ಕರುಣೆ, ವ್ಯಾನ್ ತುಂಬ ದಾನದ ಹಳೆ ಬಟ್ಟೆ ಹೇರಿಕೊಂಡು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ದೇಶದ ಗಡಿ ದಾಟಲು ಹೊರಟವರದೇ ತಪ್ಪು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಹಿರಿಯರು ಮೊದಲೇ ಎಚ್ಚರಿಸಿದ್ದಾರೆ. ಬೇರೆಯವರ ಸುಖದುಃಖವಾದರೂ ಅಷ್ಟೇ.

ಹಳೆ ಬಟ್ಟೆಗೆ ಲೋಕದಲ್ಲೆಲ್ಲ ಒಂದೇ ನಂಬರು: 6309. ವಿಶ್ವ ಕಸ್ಟಮ್ಸ್ ಸಂಸ್ಥೆಯ ಸರಕು ವರ್ಗೀಕರಣವನ್ನೇ ಬಹುಪಾಲು ದೇಶಗಳು ಹಿಡಿದಿರುವುದರಿಂದ ಹೆಚ್ಚುಕಡಿಮೆ ಯಾವ ಗಡಿಗೆ ಹೋದರೂ ಈ ನಾಲ್ಕು ಅಂಕಿ ಅದೇ. ಆದರೆ ಅದರೊಳಗೆ ಜಾಗ ಸಿಗಬೇಕಾದರೆ ಎರಡು ಷರತ್ತು. ಚೆನ್ನಾಗಿ ಬಳಸಿದ ಬಟ್ಟೆ ಎಂಬುದು ನೋಡಿದರೇ ಗೊತ್ತಾಗಬೇಕು. ಜೊತೆಗೆ ಅದು ಬಿಡಿ ರಾಶಿಯಾಗಿಯೋ, ಬೇಲು ಮೂಟೆಗಳಂಥ ಕಟ್ಟಿನಲ್ಲಿಯೋ ಬರಬೇಕು. ಸವೆದ ಮೊಣಕಾಲಿಗೆ ಮರ್ಯಾದೆ ಸಿಗುವ ಕಾನೂನು ಬೇರೆ ಎಲ್ಲೂ ಇರಲಿಕ್ಕಿಲ್ಲ. ಪುಣ್ಯಾತ್ಮರು ಯಾರೋ ಅಂಗಡಿಯ ಚೀಟಿಯನ್ನೂ ಕೀಳದೆ ಹತ್ತು ಹೊಸ ಅಂಗಿ ಕೊಟ್ಟರು ಎನ್ನಿ. ಆ ಅಂಗಿಗಳು 6309ರಿಂದ ಹೊರಕ್ಕೆ. ಹೆಣೆದ ಬಟ್ಟೆಯದಾದರೆ ಅದೇ ವರ್ಗೀಕರಣದ 61ನೇ ಅಧ್ಯಾಯ, ನೇಯ್ದದ್ದಾದರೆ 62. ಟಿ-ಶರ್ಟು ಒಂದು ಅಧ್ಯಾಯ, ಗುಂಡಿ ಅಂಗಿ ಇನ್ನೊಂದು, ಸುಂಕವೂ ಬೇರೆ ಬೇರೆ ಇರಬಹುದು. ತೊಗಲಿನ ಜಾಕೆಟ್ಟು ಎಷ್ಟೇ ಹಳತಾದರೂ 42ನೇ ಅಧ್ಯಾಯ ಬಿಟ್ಟು ಕದಲುವುದಿಲ್ಲ, ಕೈಚೀಲವೂ ಅದರ ಜೊತೆಗಾರ. ಟೋಪಿ, ಪಾದರಕ್ಷೆಗಳು ಮಾತ್ರ ಯಾವುದರಿಂದ ಮಾಡಿದ್ದಾದರೂ 6309ರಲ್ಲಿ ಸೇರುತ್ತವೆ, ಕಲ್ನಾರಿನದ್ದೊಂದನ್ನು (ಆಸ್ಬೆಸ್ಟಾಸ್) ಬಿಟ್ಟು. ಕಲ್ನಾರಿನ ಟೋಪಿ ದಾನ ಮಾಡಿದವರು ಯಾವ ಕಾಲದಲ್ಲಿ ಏನು ಕಾಟ ಕೊಟ್ಟಿದ್ದರೋ, ಅವರನ್ನು ಹೊರಗಿಡಲೆಂದೇ ವರ್ಗೀಕರಣದ ಟಿಪ್ಪಣಿಯಲ್ಲಿ ಕೆಲವು ಪದ ಖರ್ಚಾಗಿದೆ.

ಇದೆಲ್ಲ ಒಳಗೆ ಬಿಟ್ಟರೆ ಮಾತ್ರ. ಬಿಡದ ದೇಶಗಳೂ ಇವೆ. ಫಿಲಿಪ್ಪೀನ್ಸ್ 1966ರಲ್ಲೇ ಹಳೆ ಬಟ್ಟೆಯ ವಾಣಿಜ್ಯ ಆಮದಿಗೆ ಕಾಯಿದೆಯ ಬೇಲಿ ಹಾಕಿತು. ರುವಾಂಡ 2016ರಲ್ಲಿ ಕಿಲೋ ಮೇಲಿನ ಸುಂಕವನ್ನು ಒಂದೇ ಸಲ ಹನ್ನೆರಡೂವರೆ ಪಟ್ಟು ಏರಿಸಿತು. ದಾನದ ಹೆಸರಲ್ಲಿ ಬಂದ ಬಟ್ಟೆ ಸಂತೆಗೆ ಇಳಿದು ಊರಿನ ದರ್ಜಿಯ ಹೊಟ್ಟೆಗೆ ಹೊಡೆಯುತ್ತದೆ ಎಂಬುದು ಇಂಥ ನಿಯಮಗಳ ಹಿಂದಿನ ಭಯ. ಸುಳ್ಳು ಭಯವೇನಲ್ಲ. ಜಾಂಬಿಯಾದಲ್ಲಿ ಹಳೆ ಬಟ್ಟೆಗೆ ‘ಸಲಾವುಲ’ ಎನ್ನುತ್ತಾರೆ, ರಾಶಿಯಲ್ಲಿ ಕೈಯಾಡಿಸಿ ಹೆಕ್ಕುವುದು ಎಂದು ಅರ್ಥ. ಒಂದು ವ್ಯಾಪಾರಕ್ಕೆ ಸ್ವಂತ ಪದ ಹುಟ್ಟಿಕೊಂಡಿದೆ ಎಂದರೆ ಅದು ಎಷ್ಟು ಬೇರು ಬಿಟ್ಟಿರಬೇಕು, ಲೆಕ್ಕ ಹಾಕಿ.

ನಿಷೇಧವಿಲ್ಲದ ಕಡೆಯೂ ಒಂದೊಂದು ಬಟ್ಟೆ ಕೈ ಕೊಡುತ್ತದೆ. ಸೈನಿಕರ ಸಮವಸ್ತ್ರದ ಹಸಿರು ಕಂದು ಮಚ್ಚೆಗಳ ವಿನ್ಯಾಸ ನೋಡಿ. ಬಾರ್ಬಡೋಸ್, ಜಮೈಕಾದಂಥ ದೇಶಗಳಲ್ಲಿ ಅದನ್ನು ನಾಗರಿಕರು ತೊಡುವಂತಿಲ್ಲ. ಮೂರು ವರ್ಷದ ಮಗುವಿನ ಚಡ್ಡಿಯ ಮೇಲಿದ್ದರೂ ಅದು ಅದೇ ವಿನ್ಯಾಸ. ಅಂಥದ್ದನ್ನು ಮೊದಲ ದಿನವೇ ಹೆಕ್ಕಿ ಹೊರಗಿಡಿ.

ಆದ್ದರಿಂದ ಮೊದಲ ಕೆಲಸ ಬಟ್ಟೆ ಕೂಡಿಸುವುದಲ್ಲ, ಆಚೆ ಕಡೆ ಇಳಿಸಿಕೊಳ್ಳುವವರಿಗೆ ಫೋನ್ ಮಾಡುವುದು. ಏನು ಬೇಕು, ಯಾವ ಅಳತೆ, ಯಾವ ಹವೆಗೆ, ಎಷ್ಟು? ಕೇಳದೆ ಕಳಿಸಿದರೆ ಏನಾಗುತ್ತದೆ ಎಂಬುದನ್ನು 2004ರ ಸುನಾಮಿಯ ನಂತರದ ಕರಾವಳಿಗಳು ತೋರಿಸಿವೆ. ಉಣ್ಣೆ ಕೋಟು ಸಹಿತ ಯಾರಿಗೂ ಬೇಡವಾದ ಬಟ್ಟೆಯ ಗುಡ್ಡೆಗಳು ರಸ್ತೆ ಬದಿಯಲ್ಲೇ ಕೊಳೆತವು. ಪರಿಹಾರದ ಕೆಲಸದಲ್ಲಿರುವವರು ಇಂಥ ರಾಶಿಗೆ ‘ಎರಡನೇ ದುರಂತ’ ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಬರುವ ಉತ್ತರ ಬಹಳ ಸಲ ಒಂದೇ: ಗಂಡಸರ ಸಣ್ಣ ಮತ್ತು ನಡು ಅಳತೆಯ ಪ್ಯಾಂಟು, ಗಟ್ಟಿ ಶೂ, ಹೊಸ ಒಳಉಡುಪು, ಕಾಲುಚೀಲ. ಕೂಡಿಬರುವುದೋ? ಮದುವೆ ಗೌನು, ನೆಕ್‌ಟೈ, ನಾಟಕಕ್ಕೆ ಹೊಲಿಸಿದ ಕರಡಿ ವೇಷ. ಜನ ತಮಗೆ ಬೇಡವಾದದ್ದನ್ನು ಕೊಡುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಕರಡಿ ವೇಷ ಯಾರಿಗೂ ಬಹಳ ದಿನ ಬೇಕಾಗುವುದಿಲ್ಲ.

ವಿಂಗಡಣೆಗೆ ಒಬ್ಬ ನಿಷ್ಕರುಣಿ ಬೇಕು. ‘ಪಾಪ, ಚೆನ್ನಾಗಿದೆಯಲ್ಲ’ ಎನ್ನುವವರನ್ನು ಟೇಪ್ ಹಚ್ಚುವ ಕೆಲಸಕ್ಕೆ ಕಳಿಸಿ. ಪರೀಕ್ಷೆ ಮೂರೇ. ಬೆಳಕಿಗೆ ಹಿಡಿದರೆ ತೂತು, ಕಲೆ ಕಾಣುತ್ತದೆ. ಜಿಪ್ಪನ್ನು ಪೂರ್ತಿ ಮೇಲೆ ಕೆಳಗೆ ಎಳೆದರೆ ಅದರ ಬಂಡವಾಳ ಬಯಲಾಗುತ್ತದೆ. ಮೂಗಿನ ಹತ್ತಿರ ತಂದರೆ ಉಳಿದದ್ದು ತಿಳಿಯುತ್ತದೆ. ಮುಗ್ಗಲು ಹಿಡಿದ ಒಂದು ಸ್ವೆಟರು ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ವಾರ ಕೂತರೆ ಉಳಿದ ಇಪ್ಪತ್ತಕ್ಕೂ ತನ್ನ ವಿದ್ಯೆ ಧಾರೆಯೆರೆಯುತ್ತದೆ. ಒಗೆದದ್ದು ಸ್ವಲ್ಪ ಹಸಿಯಿದ್ದರೂ ಅದೇ ಕಥೆ. ಆಮೇಲೆ ಜೇಬು. ಪ್ರತಿ ಜೇಬನ್ನೂ ತಿರುವಿ ನೋಡಬೇಕು, ಒಳಜೇಬನ್ನೂ. ಸಿಗರೇಟ್ ಲೈಟರು, ಮಾತ್ರೆ, ಚಾಕು, ಯಾರದೋ ಮನೆಯ ಬೀಗದಕೈ, ಎಲ್ಲವೂ ಅಲ್ಲಿ ಸಿಗುತ್ತವೆ. ನಡೆದರೆ ಮಿನುಗುವ ಮಕ್ಕಳ ಶೂಗಳ ಒಳಗೆ ಬ್ಯಾಟರಿ ಇರುತ್ತದೆ. ಪೆಟ್ಟಿಗೆ ಅಲುಗಿದಾಗಲೆಲ್ಲ ಒಳಗಿಂದ ಕೆಂಪು ದೀಪ ಮಿಂಚಿದರೆ ತಪಾಸಣೆಯವರು ಅದನ್ನು ಹಬ್ಬವೆಂದು ತಿಳಿಯುವುದಿಲ್ಲ.

ಶೂಗಳನ್ನು ಲೇಸಿನಿಂದಲೇ ಒಂದಕ್ಕೊಂದು ಗಂಟು ಹಾಕಿ, ಲೇಸಿಲ್ಲದಿದ್ದರೆ ರಬ್ಬರ್ ಬ್ಯಾಂಡು. ಈ ಒಂದು ವಾಕ್ಯವನ್ನು ಎಲ್ಲರೂ ತಲೆಯಾಡಿಸಿ ಒಪ್ಪುತ್ತಾರೆ, ಯಾರೂ ಮಾಡುವುದಿಲ್ಲ.

ಕಪ್ಪು ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅದು ಹರಿಯುತ್ತದೆ, ಒಂದರ ಮೇಲೊಂದು ನಿಲ್ಲುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಕಸದ ಚೀಲದ ಹಾಗೇ ಕಾಣುತ್ತದೆ. ಕಸದ ಹಾಗೆ ಕಂಡದ್ದನ್ನು ಕಸಕ್ಕೆ ಒಯ್ಯುವ ಕರ್ತವ್ಯನಿಷ್ಠರು ಎಲ್ಲ ಊರಲ್ಲೂ ಇದ್ದಾರೆ. ಎರಡು ಪದರದ ರಟ್ಟಿನ ಪೆಟ್ಟಿಗೆ, 60×40×40 ಸೆಂಟಿಮೀಟರಿನದು, ಒಳ್ಳೆಯ ಅಳತೆ. ಒತ್ತಿ ತುಂಬಿದರೆ ಸುಮಾರು 15 ಕಿಲೋ ಹಿಡಿಯುತ್ತದೆ, ಒಬ್ಬರೇ ಎತ್ತಬಹುದು. ಇನ್ನೂ ದೊಡ್ಡದು ತಂದರೆ ತುಂಬುವವರಿಗೆ ಖುಷಿ, ಎತ್ತುವವರಿಗೆ ಸೊಂಟನೋವು. ತಳಕ್ಕೆ ನಡುವಿನ ಸೀಳಿನ ಉದ್ದಕ್ಕೆ ಒಂದು ಪಟ್ಟಿ ಟೇಪು, ಎರಡು ಅಂಚಿಗೆ ಅಡ್ಡಲಾಗಿ ಎರಡು. ನಂಬರನ್ನು ಮುಚ್ಚಳದ ಮೇಲಷ್ಟೇ ಬರೆದರೆ ಪೇರಿಸಿದ ಮೇಲೆ ದೇವರಿಗೂ ಕಾಣುವುದಿಲ್ಲ, ಪಕ್ಕದ ಎರಡು ಮುಖಗಳಲ್ಲೂ ಬರೆಯಿರಿ.

ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ತೇವ ಏರುತ್ತದೆ ಎಂದು ಸರಕು ಪೇರಿಸುವ ಮರದ ಹಲಗೆಕಟ್ಟು, ಅಂದರೆ ಪ್ಯಾಲೆಟ್, ತರುತ್ತೀರಿ. ಆ ಪ್ಯಾಲೆಟ್ಟಿಗೂ ಪಾಸ್‌ಪೋರ್ಟ್ ಬೇಕು. ಮರದೊಳಗಿನ ಹುಳ ದೇಶ ದಾಟಬಾರದೆಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಸಾಮಾನ್ಯ ವಿಧಾನವೆಂದರೆ ಮರದ ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ಬಿಸಿ ತಟ್ಟುವಂತೆ 30 ನಿಮಿಷ ಕಾಯಿಸುವುದು. ಹಾಗೆ ಕಾಯಿಸಿದ ಮರಕ್ಕೆ ತೆನೆಯ ಗುರುತಿನ ಪಕ್ಕ ‘ಎಚ್‌ಟಿ’ (ಹೀಟ್ ಟ್ರೀಟೆಡ್) ಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದ ಬಿಟ್ಟಿ ಪ್ಯಾಲೆಟ್ಟಿನ ಮೇಲೆ ಸಕಲ ದಾಖಲೆ ಸಮೇತ ಕೂತ ಬಟ್ಟೆ ಕೆಳಗಿನ ಮರದ ದೆಸೆಯಿಂದ ನಿಂತುಹೋಗಬಹುದು. ಪ್ಲಾಸ್ಟಿಕ್ ಪ್ಯಾಲೆಟ್ಟಿಗೆ ಈ ತಾಪತ್ರಯವಿಲ್ಲ.

ಈಗ ಅಸಲು ವಿಷಯ, ಪಟ್ಟಿ. ಪ್ಯಾಕಿಂಗ್ ಲಿಸ್ಟಿನಲ್ಲಿ ಬರೆಯಬಾರದ ಪದ ಒಂದೇ: ‘ಇತ್ಯಾದಿ’. ‘ಅಂಗಿ, ಪ್ಯಾಂಟು ಇತ್ಯಾದಿ’ ಎಂದು ಬರೆದ ಕಡೆ ಅಧಿಕಾರಿಯ ಬೆರಳು ನಿಲ್ಲುತ್ತದೆ, ಮುಂದಕ್ಕೆ ಜಾರುವುದಿಲ್ಲ. ಇತ್ಯಾದಿಯೊಳಗೆ ಬಂದೂಕವೂ ಅಡಗಬಹುದು ಎಂದು ಅವರಿಗೆ ತರಬೇತಿಯಾಗಿದೆ. ಸರಿಯಾದ ಸಾಲು ಹೀಗಿರುತ್ತದೆ: ‘ಪೆಟ್ಟಿಗೆ 14, ಬಳಸಿದ ಗಂಡಸರ ಪ್ಯಾಂಟು, ನಿವ್ವಳ 14.2 ಕಿಲೋ, ಒಟ್ಟು 15.1 ಕಿಲೋ.’ ಎರಡರ ನಡುವಿನ 900 ಗ್ರಾಂ ರಟ್ಟಿನದು. ತೂಕದ ಯಂತ್ರ ಮನೆಯದೇ ಸಾಕು. ಪೆಟ್ಟಿಗೆ ಹಿಡಿದು ಹತ್ತಿ, ಆಮೇಲೆ ಬರಿಗೈಯಲ್ಲಿ ಹತ್ತಿ, ಕಳೆಯಿರಿ. ಬೆಳಿಗ್ಗೆಯೇ ತೂಗಿದ ದೇಹವನ್ನು ಊಟವಾದ ಮೇಲೂ ಅದೇ ಅಂಕಿಯಲ್ಲಿ ಕಳೆಯುತ್ತ ಹೋದರೆ ಮಧ್ಯಾಹ್ನದ ಪೆಟ್ಟಿಗೆಗಳೆಲ್ಲ ಅರ್ಧ ಕಿಲೋ ಹೆಚ್ಚು ತೂಗುತ್ತವೆ.

ಎಣಿಕೆಯ ಗೋಜು ಇನ್ನೊಂದು ಬಗೆಯದು. ‘ಶೂ: 40’ ಎಂದು ಬರೆದರೆ ಜೊತೆಯೋ, ಬಿಡಿಯೋ? ಬರೆದವರ ಮನಸ್ಸಿನಲ್ಲಿ 40 ಜೊತೆ. ಬಿಚ್ಚಿಸಿ ಎಣಿಸಿದವರ ಕೈಗೆ ಸಿಕ್ಕಿದ್ದು 80 ಶೂ. ಕಾಗದದ ಪ್ರಕಾರ 40 ಶೂ ಕಳ್ಳಸಾಗಣೆ. ಸೂಟಿನದೂ ಇದೇ ಪೇಚು. ಕೋಟು, ಪ್ಯಾಂಟು, ಒಳಗಿನ ವೇಸ್ಟ್‌ಕೋಟು ಸೇರಿ ಒಂದೋ ಮೂರೋ? ಹಳೆ ಬಟ್ಟೆಯ ಲೆಕ್ಕ ಸಾಮಾನ್ಯವಾಗಿ ಕಿಲೋದಲ್ಲೇ ನಡೆಯುತ್ತದೆ. ಕೇಳದ ಕಡೆ ಎಣಿಕೆ ಬರೆಯದಿರುವುದೇ ಜಾಣತನ, ಅಂಕಿ ಬರೆದಿದ್ದೀರಿ ಎಂದರೆ ಅದನ್ನು ಎಣಿಸುವವರು ಹುಟ್ಟುತ್ತಾರೆ. ಬರೆಯಲೇಬೇಕಾದರೆ ‘ಜೊತೆ’ ಎಂಬ ಎರಡಕ್ಷರ ಮರೆಯಬೇಡಿ.

ಬೆಲೆಯ ಕಲಮಿನಲ್ಲಿ ಸೊನ್ನೆ ಹಾಕಿದರೆ ಕೆಲಸ ಸುಲಭವಾಗುತ್ತದೆ ಎಂದುಕೊಳ್ಳುವವರು ಬಹಳ. ಸೊನ್ನೆಯನ್ನು ಕಂಪ್ಯೂಟರ್ ಕೂಡ ನುಂಗದೆ ಉಗುಳುವುದುಂಟು. ಕಿಲೋಗೆ ಇಷ್ಟು ಎಂದು ಸಣ್ಣದೊಂದು ನಂಬಲರ್ಹ ಮೌಲ್ಯ ಹಾಕಿ, ‘ಮಾರಾಟಕ್ಕಲ್ಲ, ಮೌಲ್ಯ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ’ ಎಂದು ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ, ಅಂದರೆ ಹಣ ಕೇಳದ ಲೆಕ್ಕದ ಬಿಲ್ಲಿನಲ್ಲಿ, ಬರೆಯುವುದು ರೂಢಿ. ‘ಇದು ನಮ್ಮಜ್ಜನ ಕೋಟು, ಬೆಲೆ ಕಟ್ಟಲಾಗದು’ ಎಂಬ ಭಾವನೆ ಇನ್‌ವಾಯ್ಸಿಗೆ ಇಳಿಯದಿರಲಿ, ಅವರು ಕಟ್ಟಿಬಿಡುತ್ತಾರೆ. ಇದರ ಜೊತೆಗೆ ದಾನಪತ್ರ, ಪಡೆಯುವ ಸಂಸ್ಥೆಯ ಒಪ್ಪಿಗೆ ಪತ್ರ, ಸುಂಕ ವಿನಾಯಿತಿಯಿದ್ದರೆ ಅದರ ಆದೇಶ, ಹಲವು ದೇಶಗಳು ಕೇಳುವ ಸೋಂಕುನಿವಾರಣೆ ಪ್ರಮಾಣಪತ್ರ. ಎಲ್ಲದರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ, ಒಟ್ಟು ತೂಕವೂ ಒಂದೇ ಇರಲಿ. ಪಟ್ಟಿ ಮುಗಿದ ರಾತ್ರಿ ‘ಇದೊಂದು ಚೀಲ’ ಎಂದು ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ. ಆ ಚೀಲ ಮುಂದಿನ ಸಲಕ್ಕೆ. ಹಾಕಿಕೊಂಡಿರೋ, ತೂಕ ಬರೆದ ಕಾಗದವನ್ನೆಲ್ಲ ತಿದ್ದಬೇಕು.

ಹೇರುವಾಗ ಕಣ್ಣನ್ನು ನಂಬಬೇಡಿ. ಸರಕು ಸಹಿತ 3.5 ಟನ್ ಮೀರಬಾರದ ದರ್ಜೆಯ ವ್ಯಾನಿನಲ್ಲಿ ವ್ಯಾನಿನ ಸ್ವಂತ ತೂಕ ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಒಂದು ಟನ್ನಿನ ಆಸುಪಾಸು, ಅದರಲ್ಲಿ ಮುಂದೆ ಕೂತ ಇಬ್ಬರ ಪಾಲೂ ಇದೆ. 15 ಕಿಲೋದ 60 ಪೆಟ್ಟಿಗೆಗೆ 900 ಕಿಲೋ ಆಯಿತು, ಜಾಗ ನೋಡಿದರೆ ಆರು ಘನಮೀಟರೂ ತುಂಬಿಲ್ಲ. ಕಣ್ಣಿಗೆ ಅರ್ಧ ಖಾಲಿ, ತೂಕದ ಕಟ್ಟೆಗೆ ಭರ್ತಿ. ಗಾಳಿ ಹೀರಿ ಕುಗ್ಗಿಸುವ ಚೀಲಗಳೂ ಇಲ್ಲಿ ನಿರುಪಯೋಗಿ, ಅವು ಗಾತ್ರ ಇಳಿಸುತ್ತವೆಯೇ ಹೊರತು ತೂಕವನ್ನಲ್ಲ. ಒಂದು ಪಕ್ಕ ಮನುಷ್ಯ ನುಸುಳುವಷ್ಟು ಓಣಿ ಬಿಡಿ, ಯಾಕೆಂದರೆ ‘ಯಾವುದಾದರೂ ಒಂದು ತೆಗೆಯಿರಿ’ ಎಂದಾಗ ಬೆರಳು ತೋರುವುದು ಯಾವತ್ತೂ ಅತ್ಯಂತ ಒಳಗಿನ, ಅತ್ಯಂತ ಕೆಳಗಿನ ಪೆಟ್ಟಿಗೆಯನ್ನೇ. ಎರಡು ಸುರುಳಿ ಟೇಪು ಕೈಗೆಟಕುವಂತಿರಲಿ. ಬಿಚ್ಚುವುದು ಅವರ ಕೆಲಸ, ಮತ್ತೆ ಮುಚ್ಚುವುದು ನಿಮ್ಮದು.

ಪ್ರಯಾಣಿಕರ ಸಾಲಿನಲ್ಲಿ ನುಗ್ಗಿ ‘ಎಲ್ಲ ನಮ್ಮ ಸ್ವಂತ ಬಟ್ಟೆ’ ಎನ್ನುವ ಉಪಾಯ ಹೊಳೆಯದೆ ಇರುವುದಿಲ್ಲ. ಇಬ್ಬರೇ ಇಳಿದ ವ್ಯಾನಿನಲ್ಲಿ ಆರು ಅಳತೆಯ 300 ಪ್ಯಾಂಟು ಯಾರವು ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಸರಕಿನ ಸಾಲಿಗೇ ಹೋಗಿ, ಅದರ ಕಚೇರಿ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಮೊದಲೇ ಕೇಳಿಕೊಂಡು. ಗಡಿ ರಾತ್ರಿಯಿಡೀ ತೆರೆದಿರಬಹುದು, ಮುದ್ರೆ ಒತ್ತುವ ಕೈ ಮಾತ್ರ ಶುಕ್ರವಾರ ಸಂಜೆಯೇ ಮನೆಗೆ ಹೋಗಿರಬಹುದು. ಒಳನಾಡಿನ ಕಚೇರಿಯಲ್ಲಿ ತಪಾಸಣೆ ಎಂದಾದರೆ ಹಿಂಬಾಗಿಲಿಗೆ ಸೀಲು ಬೀಳುತ್ತದೆ, ಅದರ ನಂಬರು ಕಾಗದದಲ್ಲಿರುತ್ತದೆ, ನಡುದಾರಿಯಲ್ಲಿ ಅದನ್ನು ಮುಟ್ಟುವಂತಿಲ್ಲ. ಡ್ರೈವರ್ ತನ್ನ ಸ್ವೆಟರು, ಹೊದಿಕೆ, ಬದಲಿ ಬಟ್ಟೆಯ ಚೀಲಗಳನ್ನು ಹಿಂದೆ ಇಟ್ಟದ್ದು ನೆನಪಾಗುವುದು ಸೀಲು ಬಿದ್ದ ಐದು ನಿಮಿಷಕ್ಕೆ. ಒಂದು ಟನ್ ಬೆಚ್ಚನೆ ಬಟ್ಟೆಯನ್ನು ಬೆನ್ನಿಗಿಟ್ಟುಕೊಂಡು ರಾತ್ರಿಯಿಡೀ ನಡುಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಇಳಿಸುವ ಕಡೆ ಫೋರ್ಕ್‌ಲಿಫ್ಟ್ ಇದೆಯೇ, ಗೋದಾಮು ಎಷ್ಟನೇ ಮಹಡಿ, ಎತ್ತಲು ಎಷ್ಟು ಜನ ಎಂಬುದನ್ನು ಹೊರಡುವ ಮೊದಲೇ ಕೇಳಿಡಿ. ಪೆಟ್ಟಿಗೆಗಳನ್ನು ನಂಬರಿನಂತೆ ಟಿಕ್ ಹಾಕಿ ಒಪ್ಪಿಸಿ, ತೂಕ, ತಾರೀಖು, ಸಹಿ, ಮೊಹರು ಇರುವ ಸ್ವೀಕೃತಿ ಪಡೆಯಿರಿ. ವಿನಾಯಿತಿ ಕೊಟ್ಟವರು ಬಟ್ಟೆ ಸೇರಬೇಕಾದಲ್ಲಿಗೇ ಸೇರಿತೇ ಎಂದು ಆಮೇಲೆ ಕೇಳಬಹುದು, ಆಗ ತೋರಿಸಲು ಇರುವುದು ಅದೊಂದೇ. ವಾಪಸು ಬರುವಾಗ ಖಾಲಿ ವ್ಯಾನನ್ನೂ ತೆಗೆಸಿ ನೋಡುತ್ತಾರೆ. ಖಾಲಿ ಇದೆ ಎಂದು ಧೈರ್ಯವಾಗಿ ಬಾಗಿಲು ತೆರೆದರೆ ಚಕ್ರದ ಉಬ್ಬಿನ ಪಕ್ಕದಲ್ಲಿ, ಲೇಸು ಕಟ್ಟದ, ಎಡಗಾಲಿನ ಒಂದು ಶೂ. ಅದರ ಬಲಗಾಲು ಪೆಟ್ಟಿಗೆ 37ರಲ್ಲಿ, ಗಡಿಯಾಚೆ. ‘ಇದು ರಫ್ತಿನಲ್ಲಿ ಉಳಿದದ್ದೋ, ಹೊಸದಾಗಿ ಆಮದೋ?’ ಎಂದು ಅಧಿಕಾರಿ ಪಟ್ಟಿ ಕೇಳುತ್ತಾರೆ.