ಕುದುರೆಯ ಅಯಾಲು: ಬಲಕ್ಕೆ ತಿರುಗಿಸಬೇಕೇ, ಬಿದ್ದಲ್ಲೇ ಬಿಡಬೇಕೇ?

ಪರ: ಬಲಮಗ್ಗುಲೇ ಅದರ ಜಾಗ

ಕುದುರೆಯ ಜೊತೆಗಿನ ಕೆಲಸವೆಲ್ಲ ಎಡಮಗ್ಗುಲಿನಲ್ಲಿ ನಡೆಯುತ್ತದೆ. ಹಗ್ಗ ಹಿಡಿದು ನಡೆಸುವುದು, ಜೀನು ಹೊರಿಸಿ ಹೊಟ್ಟೆಪಟ್ಟಿ ಬಿಗಿಯುವುದು, ರಿಕಾಪಿಗೆ ಕಾಲು ಕೊಟ್ಟು ಹತ್ತುವುದು, ಇಳಿಯುವುದು, ಎಲ್ಲವೂ ಅಲ್ಲಿಯೇ. ಸೊಂಟದ ಎಡಕ್ಕೆ ಕತ್ತಿ ಕಟ್ಟಿದ ರಾವುತ ಬಲಗಡೆಯಿಂದ ಹತ್ತಹೋದರೆ ಕತ್ತಿಯೇ ಅಡ್ಡ ಬರುತ್ತಿತ್ತು, ಅದರಿಂದಲೇ ಈ ರೂಢಿ ಬಂತು ಎಂದು ಹಳೆಯ ಸವಾರರು ಹೇಳುತ್ತಾರೆ. ಇಂದು ಕತ್ತಿ ಇಲ್ಲದಿದ್ದರೂ ಕುದುರೆ ಮತ್ತು ಮನುಷ್ಯ ಇಬ್ಬರೂ ಎಡಕ್ಕೇ ಒಗ್ಗಿಕೊಂಡಿದ್ದೇವೆ. ಹೀಗಿರುವಾಗ ಅಯಾಲು, ಅಂದರೆ ಕತ್ತಿನ ಮೇಲಂಚಿನ ಉದ್ದ ಕೂದಲು, ಬಲಕ್ಕೆ ಬಿದ್ದಿದ್ದರೆ ನಮ್ಮ ಕೈಯಾಡುವ ಬದಿಯ ಕತ್ತು ಬಯಲಾಗಿರುತ್ತದೆ. ಲಗಾಮಿಗೆ ಕೂದಲು ಸುತ್ತಿಕೊಳ್ಳುವುದಿಲ್ಲ. ಕತ್ತಿನ ಸ್ನಾಯುವಿಗೆ ಸೂಜಿ ಚುಚ್ಚಲು ಬಂದ ಪಶುವೈದ್ಯರು ಒಂದು ಕೈಯಲ್ಲಿ ಕೂದಲು ಎತ್ತಿ ಹಿಡಿದು ನಿಲ್ಲಬೇಕಾಗಿಲ್ಲ.

ಇದು ಇಂಗ್ಲಿಷರು ಹೊತ್ತು ತಂದ ಶೋಕಿ ಎಂದು ತಳ್ಳಿಹಾಕುವವರು ಎರಡು ಸಾವಿರ ವರ್ಷ ಹಿಂದೆ ಹೋಗಿ ನೋಡಲಿ. ಕ್ರಿಸ್ತಪೂರ್ವ 37ರಲ್ಲಿ ಬೇಸಾಯದ ಬಗ್ಗೆ ಬರೆದ ರೋಮಿನ ವಾರೋ, ಒಳ್ಳೆಯ ಕುದುರೆಯ ಲಕ್ಷಣಗಳನ್ನು ಹೇಳುವಾಗ ಅಯಾಲು ದಟ್ಟವಾಗಿದ್ದು ಕತ್ತಿನ ಬಲಕ್ಕೆ ಬಿದ್ದಿರಬೇಕು ಎಂದ. ಕೆಲವೇ ವರ್ಷಗಳ ಮೇಲೆ ಕವಿ ವರ್ಜಿಲ್, ಒಳ್ಳೆಯ ಕುದುರೆ ಕೊಡವಿದ ಅಯಾಲು ಮರಳಿ ಬಲಹೆಗಲಿನ ಮೇಲೆ ಬಂದು ಒರಗುತ್ತದೆ ಎಂದು ಬರೆದ. ಮುಂದಿನ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಕೊಲುಮೆಲ್ಲಾ ಕೂಡ ಬಲಕ್ಕೇ ಮತ ಹಾಕಿದ್ದಾನೆ. ರಿಕಾಪು ಎಂಬ ವಸ್ತುವನ್ನೇ ಕಾಣದಿದ್ದ ಜನ ಇವರು. ಕುದುರೆಯೊಂದಿಗೆ ಬದುಕಿದವರಿಗೆ ಈ ಬದಿ ಒಪ್ಪಿಗೆಯಾಗಲು ಇಂಗ್ಲಿಷ್ ದಂಡಿನ ಕವಾಯತು ಬೇಕಿರಲಿಲ್ಲ.

ಬಲಕ್ಕೆ ತರುವುದು ಹಿಂಸೆಯೂ ಅಲ್ಲ. ಅಯಾಲನ್ನು ಒದ್ದೆ ಮಾಡಿ, ಬಲಕ್ಕೆ ಬಾಚಿ, ಬೆರಳಗಲದ ಸಡಿಲ ಜಡೆಗಳನ್ನು ಹೆಣೆದು, ಕೆಲವು ದಿನ ಬಿಟ್ಟು ಬಿಚ್ಚಬೇಕು. ಮತ್ತೆ ಒದ್ದೆ ಮಾಡಿ ಬಾಚಬೇಕು. ಜಡೆ ಕತ್ತಿಗೆ ಅಂಟಿಕೊಂಡಂತೆ ಹೆಣೆಯಬಾರದು; ಬುಡದಲ್ಲಿ ಒಂದು ಬೆರಳು ಆಡುವಷ್ಟು ಸಡಿಲವಿರಬೇಕು. ಅವಸರ ಮಾಡದ ಕೈಗೆ ಬಹುಪಾಲು ಕುದುರೆಗಳ ಕೂದಲು ಮಣಿಯುತ್ತದೆ. ಎಳೆಯ ಕುದುರೆಗಂತೂ ಇದು ಒಳ್ಳೆಯ ಪಾಠ. ಯಾರೋ ಒಬ್ಬರು ದಿನವೂ ಪಕ್ಕದಲ್ಲಿ ನಿಂತು ಕತ್ತು ಸವರುತ್ತಾರೆ, ತಾನು ಅಲುಗದೆ ನಿಲ್ಲಬೇಕು ಎಂಬುದು ಅದಕ್ಕೆ ಅಲ್ಲಿಯೇ ತಿಳಿಯುತ್ತದೆ. ಸಾಲಾಗಿ ನಿಂತ ಅಶ್ವದಳದಲ್ಲಿ ಎಲ್ಲ ಅಯಾಲೂ ಒಂದೇ ಕಡೆಗೆ ಇಳಿದಿದ್ದರೆ ಆ ಲಾಯದಲ್ಲಿ ಪ್ರತಿ ಕುದುರೆಯನ್ನೂ ದಿನವೂ ಮುಟ್ಟಿ ನೋಡುವವರಿದ್ದಾರೆ ಎಂದು ನನಗೆ ಸಮಾಧಾನವಾಗುತ್ತದೆ.

ವಿರೋಧ: ಕೂದಲು ಹೇಳಿದ ಕಡೆಗೇ ಹೋಗಲಿ

ರೋಮನ್ನರನ್ನು ಸಾಕ್ಷಿಗೆ ಕರೆದದ್ದು ಒಳ್ಳೆಯದೇ ಆಯಿತು. ವರ್ಜಿಲನ ಕಾಲದಲ್ಲೇ ಬಾಳಿದ ಪ್ರೊಪೆರ್ಟಿಯಸ್ ಎಂಬ ಕವಿಯನ್ನೂ ಕರೆಯೋಣ. ಅವನ ಒಂದು ಕವಿತೆಯಲ್ಲಿ ತಾರ್ಪೆಯಾ ಎಂಬ ಹುಡುಗಿ ಶತ್ರುಗಳ ರಾಜ ತಾತಿಯಸ್‌ನಿಗೆ ಮನಸೋತು, ಅವನ ಕುದುರೆಯನ್ನೂ ಆಸೆಯಿಂದ ನೆನೆಯುತ್ತಾಳೆ. ಎಂಥ ಕುದುರೆ? ರಾಜ ತಾನೇ ಅಯಾಲನ್ನು ಬಲಕ್ಕೆ ಓರಣಗೊಳಿಸುವ ಕುದುರೆ. ತಾನಾಗಿಯೇ ಬಲಕ್ಕೆ ಬೀಳುವ ಕೂದಲನ್ನು ರಾಜ ನಿಂತು ಓರಣ ಮಾಡುವ ಅಗತ್ಯವೇನಿತ್ತು? ವಾರೋ ಹೇಳಿದ್ದು ಕೊಳ್ಳುವವನಿಗೆ ಮೆಚ್ಚುಗೆಯಾಗುವ ಲಕ್ಷಣ. ಎಲ್ಲ ಕುದುರೆಗಳ ಸ್ವಭಾವ ಅದಲ್ಲ.

ಸ್ವಭಾವವನ್ನು ನೋಡಬೇಕಾದರೆ ಮರಿಯನ್ನು ನೋಡಬೇಕು. ಹುಟ್ಟಿದ ಮರಿಗೆ ಅಯಾಲು ಬೀಳುವುದೇ ಇಲ್ಲ. ಮೋಟಾದ ಗುಂಗುರು ಕೂದಲು ಬ್ರಷ್ಷಿನಂತೆ ನೆಟ್ಟಗೆ ನಿಂತಿರುತ್ತದೆ. ಮಂಗೋಲಿಯಾದ ಪ್ರಜೆವಾಲ್ಸ್ಕಿ ಕುದುರೆಗೆ, ಜೀಬ್ರಾಗೆ, ಕತ್ತೆಗೆ ಅದು ಜೀವನಪೂರ್ತಿ ಹಾಗೆಯೇ. ಸಾಕಿದ ಕುದುರೆಯಲ್ಲಿ ಮಾತ್ರ ಉದ್ದ ಬೆಳೆದು, ತನ್ನ ಭಾರಕ್ಕೆ ತಾನೇ ಮಗುಚಿಕೊಳ್ಳುತ್ತದೆ. ಯಾವ ಕಡೆಗೆ? ಕೆಲವಕ್ಕೆ ಬಲ, ಕೆಲವಕ್ಕೆ ಎಡ, ಎಷ್ಟೋ ಕುದುರೆಗಳಿಗೆ ಎರಡೂ ಕಡೆ. ಶೆಟ್ಲೆಂಡಿನಂಥ ಮಳೆಗಾಳಿಯ ನಾಡಿನ ಗಿಡ್ಡ ಕುದುರೆಗಳಲ್ಲಿ ದಟ್ಟ ಅಯಾಲು ಇಬ್ಬದಿಗೂ ಇಳಿದು ಮಳೆನೀರನ್ನು ಕತ್ತಿನಿಂದ ಆಚೆಗೆ ಹರಿಸುತ್ತದೆ. ಅದನ್ನೆಲ್ಲ ಒಂದೇ ಬದಿಗೆ ಹಾಕಿದರೆ ಇನ್ನೊಂದು ಬದಿ ತೋಯುತ್ತದೆ.

ಕೂದಲು ಎತ್ತ ಹೋಗಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಅದರ ಬುಡ ಚರ್ಮದಲ್ಲಿ ವಾಲಿ ನಿಂತ ದಿಕ್ಕು. ಆ ದಿಕ್ಕು ನಡುವೆ ತಿರುಗುವ ಜಾಗವೇ ಸುಳಿ. ನಮ್ಮ ದೇಶದಲ್ಲಿ ಕುದುರೆ ಕೊಳ್ಳುವವರು ಹಲ್ಲಿನಷ್ಟೇ ಗಮನವಿಟ್ಟು ಸುಳಿ ನೋಡುತ್ತಿದ್ದರು. ಗಂಟಲಿನ ಸುಳಿಗೆ ದೇವಮಣಿ ಎಂದು ಹೆಸರಿಟ್ಟು ಶುಭವೆಂದು ಎಣಿಸುತ್ತಿದ್ದರು. ಶುಭ-ಅಶುಭದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಕಣ್ಣನ್ನು ಒಪ್ಪುತ್ತೇನೆ. ಸುಳಿ ಹುಟ್ಟಿನಿಂದ ಸಾಯುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ. ಇಂದಿಗೂ ಕುದುರೆಯ ಗುರುತಿನ ಪತ್ರದಲ್ಲಿ ಪಶುವೈದ್ಯರು ಅಯಾಲಿನ ಬುಡದ ಸುಳಿಗಳನ್ನು ಚಿತ್ರದ ಮೇಲೆ ಗುರುತು ಹಾಕಿ ತೋರಿಸುತ್ತಾರೆ. ಜಡೆ ಹೆಣೆದು ಎದುರಿಸಲು ಹೊರಡುವುದು ಇದನ್ನು.

ನಾನು ನಾಲ್ಕು ವರ್ಷ ನೋಡಿಕೊಂಡ ಕಂದು ಬಣ್ಣದ ಹೆಣ್ಣು ಕುದುರೆಯೊಂದಕ್ಕೆ ಕಿವಿಯ ಹಿಂದಿನಿಂದ ಒಂದು ಗೇಣು ದೂರದವರೆಗೆ ಅಯಾಲು ಬಲಕ್ಕೆ ಬೀಳುತ್ತಿತ್ತು. ಅಲ್ಲೊಂದು ಸುಳಿ. ಅದನ್ನು ದಾಟಿದ್ದೇ ಕೂದಲು ಎಡಕ್ಕೆ ಹೊರಳಿ ಹೆಗಲಿನವರೆಗೂ ಎಡಕ್ಕೇ ಇಳಿಯುತ್ತಿತ್ತು. ಒಂದು ಪ್ರದರ್ಶನಕ್ಕೆಂದು ನಮ್ಮ ತರಬೇತುದಾರರು ಅಷ್ಟನ್ನೂ ಬಲಕ್ಕೆ ತರಬೇಕೆಂದರು. ಹದಿನಾಲ್ಕು ಜಡೆ ಹೆಣೆದೆ. ಮೊದಲು ಬುಡ ಸಡಿಲವಾಗಿಯೇ ಇತ್ತು. ಎರಡನೆಯ ದಿನ ಸುಳಿಯ ಹತ್ತಿರದ ನಾಲ್ಕು ಜಡೆ ಮತ್ತೆ ನೆಟ್ಟಗೆ ಎದ್ದು ನಿಂತವು. ಬಿಗಿ ಮಾಡು ಎಂದರು, ಮಾಡಿದೆ. ಆ ರಾತ್ರಿ ಅವಳು ಲಾಯದ ಕಂಬಕ್ಕೆ ಕತ್ತು ಉಜ್ಜಿಕೊಂಡಿದ್ದಳು. ಬೆಳಿಗ್ಗೆ ಕಂಬದ ಸೀಳಿನಲ್ಲಿ ಒಂದು ಜಡೆ ರಬ್ಬರಿನ ಸಮೇತ ಸಿಕ್ಕಿಕೊಂಡಿತ್ತು, ಕೂದಲ ತುದಿಯಲ್ಲಿ ಬಿಳಿಯ ಬುಡಗಳಿದ್ದವು. ಕತ್ತಿನ ಮೇಲೆ ಕಾಸಿನಗಲ ಚರ್ಮ ಕೆಂಪಾಗಿತ್ತು. ಬಾಚಣಿಗೆ ಕೈಗೆತ್ತಿಕೊಂಡರೆ ಸಾಕು, ಮುಂದಿನ ಎರಡು ತಿಂಗಳು ಅವಳು ಕಿವಿ ಹಿಂದಕ್ಕೆ ಮಡಚುತ್ತಿದ್ದಳು.

ಸಡಿಲ ಜಡೆಗೆ ಬಹುಪಾಲು ಕೂದಲು ಮಣಿಯುತ್ತದೆ ಎಂಬ ಮಾತು ಸುಳ್ಳಲ್ಲ. ಮಣಿಯದ ಕೂದಲಿನ ಮುಂದೆ ನಿಂತಾಗ ನಾವೇನು ಮಾಡುತ್ತೇವೆ ಎಂಬುದೇ ನನ್ನ ಪ್ರಶ್ನೆ. ಜಡೆ ಬಿಗಿಯಾಗುತ್ತದೆ, ತುದಿಗೆ ಭಾರ ಕಟ್ಟುವವರಿದ್ದಾರೆ, ಹಟ ಮಾಡುವ ಕೂದಲನ್ನು ಕಿತ್ತೇ ತೆಗೆಯುವವರಿದ್ದಾರೆ. ಲಗಾಮಿಗೆ ಕೂದಲು ಸಿಕ್ಕುವ ತೊಂದರೆಗೆ ಹತ್ತುವ ಮುನ್ನ ಕೈಯಿಂದ ಒಮ್ಮೆ ಸರಿಸಿದರೆ ಮುಗಿಯಿತು. ಸೂಜಿ ಹಾಕುವ ವೈದ್ಯರೂ ಅಷ್ಟೇ ಮಾಡುತ್ತಾರೆ. ಇನ್ನು ದಿನವೂ ಪಕ್ಕದಲ್ಲಿ ನಿಂತು ಕತ್ತು ಸವರಲು ಜಡೆಯ ನೆಪವೇ ಬೇಕೆಂದೇನೂ ಇಲ್ಲ.

ಆ ಪ್ರದರ್ಶನಕ್ಕೆ ಅವಳು ಹೋಗಲಿಲ್ಲ. ಕಿತ್ತುಹೋದ ಜಾಗದಲ್ಲಿ ಮತ್ತೆ ಹುಟ್ಟಿದ ಕೂದಲು ಮೊದಲ ಕೆಲವು ತಿಂಗಳು ಮರಿಯ ಅಯಾಲಿನ ಹಾಗೆ ನೆಟ್ಟಗೆ ನಿಂತಿತ್ತು. ಆಮೇಲೆ ಉದ್ದವಾಗಿ ಎಡಕ್ಕೆ ಬಿತ್ತು. ಅಲ್ಲಿಂದ ಮುಂದೆ ನಾನು ಬಾಚಿದ್ದು ಸುಳಿಯವರೆಗೆ ಬಲಕ್ಕೆ, ಸುಳಿ ದಾಟಿದ ಮೇಲೆ ಎಡಕ್ಕೆ. ಬಾಚಣಿಗೆ ಎಡಕ್ಕೆ ಹೊರಳುವ ಹೊತ್ತಿಗೆ ಅವಳು ಕಿವಿಗಳನ್ನು ಸಡಿಲ ಬಿಟ್ಟು ಕತ್ತನ್ನು ತಗ್ಗಿಸುತ್ತಿದ್ದಳು.