ಕೆಂಪು ಕಾರಿಗೆ ಬಿಳಿ ಬಣ್ಣ

ನಮ್ಮ ಬೆಳಗಾವಿ ಕಡೆ ಕಾರು ಅಂದ್ರೆ ಬಿಳಿ. ಯಾವುದಾದರೂ ಮಂಗಲ ಕಾರ್ಯಾಲಯದ ಮುಂದೆ ಹೋಗಿ ನಿಂತು ನೋಡಿ, ಬಿಳಿಯವೇ ಎದ್ದು ಕಾಣುತ್ತವೆ. ಹಾಗಾಗಿ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ಮಾದರಿ ಕಾರು ಜೋಡಿಸುವವನಿಗೂ ಅದನ್ನು ಬಿಳಿ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ಪೆಟ್ಟಿಗೆ ಬಿಚ್ಚಿದರೆ ಒಳಗಿರುವುದು ಕಡುಗೆಂಪು ಪ್ಲಾಸ್ಟಿಕ್.

ಕೆಂಪಿನ ಮೇಲೆ ನೇರವಾಗಿ ಬಿಳಿ ಹೊಡೆದರೆ ಬಹಳ ಸಲ ಸಿಗುವುದು ಗುಲಾಬಿ ಕಾರು. ಹೊಡೆದ ಸಂಜೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಬಣ್ಣ ಹಸಿಯಾಗಿ, ದಪ್ಪಗೆ ನಿಂತ ಕಡೆಯಲ್ಲೆಲ್ಲ ಕಾರು ನಾಚಿದ ಹಾಗೆ ಸಣ್ಣಗೆ ಗುಲಾಬಿ ಮೂಡಿರುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲ ಅಂಚು, ಹೀಗೆ. ಸರಕಾರಿ ಕಚೇರಿಯ ಮೆಟ್ಟಿಲ ಮೂಲೆಯ ಎಲೆ-ಅಡಿಕೆ ಕಲೆ ಗೊತ್ತಲ್ಲ? ಪ್ರತಿ ವರ್ಷ ಸುಣ್ಣ ಬಳಿಯುತ್ತಾರೆ, ಪ್ರತಿ ವರ್ಷ ಅದು ಇಣುಕುತ್ತದೆ. ಇದೂ ಅದೇ ಜಾತಿ.

ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ಬಣ್ಣ ಹೊಡೆಯಲು ಬಾರದ ಹುಡುಗರೂ ಸುಮ್ನೆ ಜೋಡಿಸಿ ಆಟ ಆಡಲಿ ಅಂತಲೇ ಪ್ಲಾಸ್ಟಿಕ್ಕಿಗೇ ಬಣ್ಣ ಕಲಸಿರುತ್ತಾರೆ. ಈ ಪೆಟ್ಟಿಗೆಯ ಕಾರಿನ ಪ್ಲಾಸ್ಟಿಕ್ ಹೆಸರು ಪಾಲಿಸ್ಟೈರೀನ್. ನಾವು ಹೊಡೆಯುವ, ಬೇಗ ಒಣಗುವ ಲ್ಯಾಕರ್ ಬಣ್ಣದಲ್ಲಿ ಅದನ್ನು ತೆಳ್ಳಗಾಗಿಸುವ ಥಿನ್ನರ್ ಇರುತ್ತದೆ. ಅದು ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಸ್ವಲ್ಪ ಕರಗಿಸುತ್ತದೆ. ಬಣ್ಣ ಹಿಡಿಯುವುದಕ್ಕೆ ಅದು ಒಳ್ಳೆಯದೇ. ಆದರೆ ಒಳಗಿನ ಕೆಂಪು ಕೂಡ ಅದರಲ್ಲೇ ಕರಗಿ ಮೇಲೆ ಹತ್ತುತ್ತದೆ.

ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮುಚ್ಚುವುದಿಲ್ಲ. ಇನ್ನೊಂದು ಕೋಟ್ ಅಂದ್ರೆ ಇನ್ನಷ್ಟು ಥಿನ್ನರ್, ಇನ್ನಷ್ಟು ಕೆಂಪು. ಬಣ್ಣಕ್ಕೂ ಮೊದಲು ಹೊಡೆಯುವ ಬೂದು ತಳಬಣ್ಣ, ಅಂದ್ರೆ ಪ್ರೈಮರ್, ಹೊಡೆದರೂ ಅದೇ ಕಥೆ, ಅದೂ ಲ್ಯಾಕರ್ ಆಗಿದ್ದರೆ. ಮೇಲಾಗಿ ಕಾರು ಇರುವುದು 1/25 ಅಳತೆಯಲ್ಲಿ. ಇಲ್ಲಿ 0.1 ಮಿ.ಮೀ. ದಪ್ಪದ ಬಣ್ಣ ಕೂತರೆ ನಿಜವಾದ ಕಾರಿಗೆ ಎರಡೂವರೆ ಮಿ.ಮೀ. ಬಳಿದ ಲೆಕ್ಕ. ಬಾಗಿಲ ಗೆರೆ, ಹಿಡಿಕೆ ಎಲ್ಲಾ ಮಾಯ. ಕೊನೆಗೆ ಉಳಿಯುವುದು ಗುಲಾಬಿ ಸಾಬೂನು.

ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗ ಕಡೆ ಡೆಂಟಿಂಗ್-ಪೇಂಟಿಂಗ್ ಮಾಡುವ ಒಬ್ಬರ ಹತ್ತಿರ ಈ ವಿಷಯ ತೆಗೆದರೆ, ಅವರು ಕಾರಿನ ಗಾತ್ರ ನೋಡಿ ನಕ್ಕರೂ ರೋಗ ಮಾತ್ರ ತಕ್ಷಣ ಗುರುತು ಹಿಡಿದರು. "ಸರ, ಹಳೇ ಕೆಂಪಿನ ಮ್ಯಾಲ ಬಿಳೇದು ಹೊಡದ್ರ ದೊಡ್ಡ ಗಾಡ್ಯಾಗೂ ಹಿಂಗ ಆಗತಿತ್ರಿ. ನಡುವ ಏನರ ಅಡ್ಡ ಇಡಬೇಕ್ರಿ." ಹೋಗುವಾಗ ಒಂದು ಎಚ್ಚರಿಕೆ ಬೇರೆ ಕೊಟ್ಟರು: "ನಮ್ಮ ಥಿನ್ನರ್ ಹಚ್ಚಬ್ಯಾಡ್ರಿ, ನಿಮ್ಮ ಕಾರ ಸುಟ್ಟ ಹೋಕ್ಕತಿ." ಸರಿಯಾದ ಮಾತು. ಗ್ಯಾರೇಜಿನ ಥಿನ್ನರ್ ತಗುಲಿದರೆ ಪಾಲಿಸ್ಟೈರೀನ್ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕರಗಿಯೇ ಹೋಗುತ್ತದೆ.

ಆ ಅಡ್ಡ ಇಡುವುದು ಯಾವುದು? ಮಾದರಿ ಕಟ್ಟುವವರಲ್ಲಿ ಹಲವರು ನಂಬುವುದು ಸಿಲ್ವರ್ ಬಣ್ಣ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಚಪ್ಪಟೆ. ಒಣಗುವಾಗ ಒಂದರ ಮೇಲೊಂದು ಮಲಗುತ್ತವೆ, ಕೆಂಪಿಗೆ ನೇರ ದಾರಿ ಸಿಗುವುದಿಲ್ಲ. ಹಗುರವಾಗಿ, ತೆಳ್ಳಗೆ ಎರಡು ಸಲ ಎರಚಿ, ಒಂದೆರಡು ದಿನ ಬಿಟ್ಟು ಬಿಳಿ ಹೊಡೆದರೆ ಆಯಿತು. ನೀರಿನ ಅಕ್ರಿಲಿಕ್ ಪ್ರೈಮರ್ ಕೂಡ ಆಗುತ್ತದೆ. ನೀರಿಗೂ ಪಾಲಿಸ್ಟೈರೀನಿಗೂ ಸಂಬಂಧವೇ ಇಲ್ಲವಲ್ಲ.

ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಅರಗು. ಹೊರದೇಶದಲ್ಲಿ ಅರಗಿನ ಪ್ರೈಮರ್ ಡಬ್ಬಿಯಲ್ಲೇ ಸಿಗುತ್ತದೆ. ನಮ್ಮಲ್ಲಿ ಬಡಗಿಗಳು ಇದೇ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಫ್ರೆಂಚ್ ಪಾಲಿಶ್ ಮಾಡುತ್ತಾರೆ. ಕಟ್ಟಿಗೆಯ ಗಂಟಿನಿಂದ ಅಂಟು ಮೇಲೆ ಬಂದು ಬಣ್ಣ ಕೆಡಿಸಬಾರದು ಅಂತ ಗಂಟಿಗೆ ಮೊದಲು ಅರಗು ಸವರುವುದು ಹಳೆಯ ಪದ್ಧತಿ. ಸ್ಪಿರಿಟ್ ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ, ಹಾಗಾಗಿ ಕೆಂಪು ಅಲುಗಾಡುವುದಿಲ್ಲ. ಬೆಳಕಿಗೆ ಹಿಡಿದರೆ ಚಕ್ಕೆ ಬೆಲ್ಲದ ಪಾಕದ ಬಣ್ಣ. ಇನ್ನೊಂದು ತಮಾಷೆ ಇದೆ. ಅರಗಿನ ಹುಳು ಮರದ ಕೊಂಬೆಯ ಮೇಲೆ ಕಟ್ಟುವ ಕಚ್ಚಾ ಅರಗಿನಲ್ಲೂ ಒಂದು ಕೆಂಪು ಬಣ್ಣ ಇರುತ್ತದೆ. ಅದನ್ನು ನೀರಿನಲ್ಲಿ ತೊಳೆದು ತೆಗೆದ ಮೇಲೆಯೇ ಚಕ್ಕೆ ಮಾಡುವುದು. ತನ್ನ ಕೆಂಪು ಬಿಟ್ಟು ಬಂದವನನ್ನೇ ಕೆಂಪಿನ ಕಾವಲಿಗೆ ನಿಲ್ಲಿಸಿದ ಹಾಗಾಯಿತು, ಅಲ್ವಾ?

ಬೆಳಗಾವಿಯ ಮಳೆಗಾಲದಲ್ಲಿ ಮಾತ್ರ ಇದಕ್ಕೆಲ್ಲ ಕೈ ಹಾಕಬೇಡಿ. ಗಾಳಿಯ ತೇವ ಕೂತು ಲ್ಯಾಕರ್ ಮಂಕಾಗುತ್ತದೆ, ಅರಗೂ ಬೆಳ್ಳಗಾಗುತ್ತದೆ. ದಸರಾ ಕಳೆದ ಮೇಲೆ ಒಣ ಬಿಸಿಲು ನೋಡಿ ಕೂತುಕೊಳ್ಳಿ. ಮೊದಲು ಬಾನೆಟ್‌ನ ಒಳಮೈಗೆ ಅಡ್ಡ ಕೋಟ್, ಅದರ ಮೇಲೆ ಬಿಳಿ ಹೊಡೆದು ಒಂದು ವಾರ ಬಿಡಿ. ಗುಲಾಬಿ ಬಾರದಿದ್ದರೆ ಇಡೀ ಕಾರಿಗೆ ಹೊಡೆಯಿರಿ. ಬಂದರೆ ಬಾನೆಟ್ ಮುಚ್ಚಿ, ಕೆಂಪು ಕಾರನ್ನೇ ಶೋಕೇಸಿನಲ್ಲಿಡಿ.